ಗಾಳಿ ಉಜ್ಜಿದ್ದೆಷ್ಟು, ನಾನು ಬೆವರಿದ್ದೆಷ್ಟು

ಕೆಲವರ ಕೈಗೆ ಯಾವ ಯಂತ್ರ ಕೊಟ್ಟರೂ ಸುಮ್ಮನೆ ಕೆಲಸ ಮಾಡುತ್ತದೆ. ನನ್ನ ಕೈಗೆ ಬಂದ ಯಂತ್ರ ಮೊದಲು ನನ್ನನ್ನು ಪರೀಕ್ಷೆ ಮಾಡುತ್ತದೆ, ಆಮೇಲೆ ಮನಸ್ಸಾದರೆ ಕೆಲಸ ಮಾಡುತ್ತದೆ. ಇಂಥ ಪಜೀತಿಗಳು ಹೆದರುಪುಕ್ಕಲರ ವಿಳಾಸ ಕೇಳಿಕೊಂಡೇ ಬರುತ್ತವೆ ಅಂತ ನನ್ನ ಅನುಮಾನ. ನಾನು ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಜಾತಿ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಜೇಬಿನಲ್ಲಿ ಟಿಕೆಟ್ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳುತ್ತಿರುತ್ತೇನೆ. "ನೀವು ನೆಮ್ಮದಿಯಾಗಿ ಕೂತಿದ್ರೆ ನನಗೆ ಭಯ ಆಗುತ್ತೆ, ಏನೋ ಮರೆತಿದ್ದೀರಿ ಅಂತ" ಎನ್ನುತ್ತಾಳೆ ನನ್ನ ಹೆಂಡತಿ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಕೇಳಿದರೆ ನೀವು ನಗುತ್ತೀರಿ. ನುಣುಪಾದ ಒಂದು ಲೋಹದ ತಟ್ಟೆಯ ಮೇಲೆ ಗಾಳಿ ಬೀಸಿದಾಗ, ಗಾಳಿ ಆ ತಟ್ಟೆಯನ್ನು ಎಷ್ಟು ಉಜ್ಜುತ್ತದೆ? ಅಷ್ಟೇ. ವಿಮಾನ ಹಾರಿಸುವವರಿಗೆ ಇದು ಬಹಳ ಮುಖ್ಯ. ಆದರೆ ಉಜ್ಜುವ ಗಾಳಿಯ ಪದರ ಬೆರಳಿನ ಅರ್ಧದಷ್ಟೂ ದಪ್ಪವಿರುವುದಿಲ್ಲ. ಅದರೊಳಗೆ ಯಾವ ಸಾಧನ ತೂರಿಸಿದರೂ ಗಾಳಿಯೇ ಕೆಡುತ್ತದೆ. ಹಾಗಾಗಿ ಲೇಸರ್ ಬೇಕು. ಒಂದು ಬೆಳಕನ್ನು ಎರಡು ಕಿರಣ ಮಾಡಿ ಒಂದು ಕಡೆ ಕತ್ತರಿಯಂತೆ ಸೇರಿಸುತ್ತಾರೆ. ಸೇರುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಗಾಳಿಯ ಜೊತೆ ಹೋಗುವ ಹೊಗೆಯ ಕಣ ಅಲ್ಲಿ ಹಾದಾಗ ಮಿನುಗುತ್ತದೆ. ಆ ಮಿನುಗನ್ನು ಎಣಿಸಿದರೆ ಗಾಳಿಯ ವೇಗ, ವೇಗದಿಂದ ಉಜ್ಜಾಟದ ಲೆಕ್ಕ.

ನಮ್ಮ ಕಾಲೇಜಿನಲ್ಲಿ ಗಾಳಿ ಬೀಸುವ ಹಳೇ ಸುರಂಗವಿತ್ತು, ಲೇಸರ್ ಇರಲಿಲ್ಲ. ನನ್ನ ಗೈಡ್ ಬೆಂಗಳೂರಿನ ಒಂದು ಪ್ರಯೋಗಾಲಯದವರ ಕೈಕಾಲು ಹಿಡಿದು ಆರು ತಿಂಗಳಿಗೆ ಎರವಲು ಕೊಡಿಸಿದರು. ಒಡೆದರೆ ನಾನೇ ಹೊಣೆ ಅಂತ ಬರೆದುಕೊಟ್ಟೆ. ಡಿಸೆಂಬರಿನಲ್ಲಿ ಆ ಪ್ರಯೋಗಾಲಯದ ಹಿರಿಯ ವಿಜ್ಞಾನಿಯೊಬ್ಬರು ಸ್ವತಃ ಬಂದು, ನನ್ನ ಲೆಕ್ಕ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ, ಲೇಸರ್ ತೆಗೆದುಕೊಂಡು ಹೋಗುವುದು ಅಂತ ಮಾತಾಯಿತು. ಅವರ ಸಹಿ ಇಲ್ಲದೆ ನಾನು ಪ್ರಬಂಧ ಒಪ್ಪಿಸುವಂತಿರಲಿಲ್ಲ. ವಿಶ್ವವಿದ್ಯಾಲಯ ನನಗೆ ಒಂದು ಸಲ ಅವಧಿ ವಿಸ್ತರಿಸಿಯಾಗಿತ್ತು, ಇನ್ನೊಂದು ಸಲ ಇಲ್ಲ ಎಂದಿತ್ತು. ಸಹಿ ಬಿದ್ದರೆ ಡಾಕ್ಟರು, ಬೀಳದಿದ್ದರೆ ಐದು ವರ್ಷ ನೀರಿಗೆ. ನಾನು ಆ ಆರು ತಿಂಗಳು ಹೇಗೆ ನಿದ್ದೆ ಮಾಡಿದೆನೋ ನನಗೇ ಗೊತ್ತಿಲ್ಲ.

ವೀಣೆ

ಲೇಸರ್ ತರಲು ಕಾಲೇಜಿನ ವ್ಯಾನು ಸಿಗಲಿಲ್ಲ. ಬಸ್ಸಿನಲ್ಲೇ ತಂದೆ. ನಾಲ್ಕಡಿ ಉದ್ದದ ಮರದ ಪೆಟ್ಟಿಗೆ. ಬೆಂಗಳೂರಿನಲ್ಲಿ ಕಂಡಕ್ಟರು "ಟಾಪಿಗೆ ಹಾಕಿ" ಎಂದ. ನನ್ನ ಮುಖ ನೋಡಿ ಅವನಿಗೇ ಏನನ್ನಿಸಿತೋ, "ಸರಿ, ಅದಕ್ಕೂ ಒಂದು ಸೀಟು ತಗೊಳ್ಳಿ" ಎಂದ. ಪೆಟ್ಟಿಗೆಯನ್ನು ಕಿಟಕಿ ಪಕ್ಕ ಒರಗಿಸಿ, ತಬ್ಬಿಕೊಂಡು ಕೂತೆ. ಒಂದೊಂದು ಹಳ್ಳಕ್ಕೂ ಪೆಟ್ಟಿಗೆಯೊಳಗಿನ ಗಾಜಿನ ನಳಿಗೆ ಒಡೆದೇಹೋಯಿತು ಅನ್ನಿಸಿ ಅದಕ್ಕೆ ಕಿವಿ ಹಚ್ಚುತ್ತಿದ್ದೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ತುಂಬಿತು. ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಹಿರಿಯರೊಬ್ಬರು ಹತ್ತಿ, ನಾನು ತಬ್ಬಿಕೊಂಡಿದ್ದ ಪೆಟ್ಟಿಗೆ ನೋಡಿ ಅಲ್ಲೇ ನಿಂತರು.

"ವೀಣೆಯೇ?" ಎಂದರು.

ಲೇಸರ್ ಅಂತ ಹೇಳಿದರೆ ಯಾರ ಕಣ್ಣು ಬೀಳುತ್ತದೋ ಅಂತ ನನಗೆ ದಿಗಿಲು. "ಹೌದು" ಎಂದುಬಿಟ್ಟೆ.

ಅವರ ಮುಖ ಅರಳಿತು. ಹಿಂದಿನ ಸೀಟಿನವರನ್ನು ಸರಿಸಿ ನನ್ನ ಬೆನ್ನಿಗೇ ಕೂತರು. ಅವರದು ರುದ್ರಪಟ್ಟಣ. ಅರಕಲಗೂಡಿನ ಬಸ್ಸು ತಪ್ಪಿ ಹಾಸನದ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಹಾಡುವವರು, ನುಡಿಸುವವರು. ನಾನು ಒಳಗೊಳಗೇ ಬೆವತೆ.

"ಯಾರ ಹತ್ತಿರ ಪಾಠ?"

ಗಾಬರಿಯಲ್ಲಿ ನನ್ನ ಗೈಡ್ ಹೆಸರು ಹೇಳಿದೆ.

"ಕೇಳಿಲ್ಲವಲ್ಲ. ಎಲ್ಲಿಯವರು?"

"ಹಾಸನದಲ್ಲೇ ಇದ್ದಾರೆ. ಮೆಕ್ಯಾನಿಕಲ್ ವಿಭಾಗ."

"ಎಷ್ಟು ವರ್ಷದಿಂದ ಕಲೀತಿದ್ದೀರಿ?"

"ಐದು ವರ್ಷ ಆಯ್ತು."

"ಈಗ ಏನು ನಡೀತಿದೆ?"

"ಇನ್ನೂ ಏನೂ ಬಂದಿಲ್ಲ ಸ್ವಾಮಿ. ಈ ವರ್ಷದ ಕೊನೆಯೊಳಗೆ ಬರದಿದ್ದರೆ ಬಿಡಿಸಿಬಿಡ್ತಾರೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ನನ್ನ ಭುಜ ತಟ್ಟಿದರು. "ಐದು ವರ್ಷದಲ್ಲಿ ಸರಳೆ ವರಸೆಯಾದರೂ ಬರಬೇಕಿತ್ತು. ಇರಲಿ. ಶ್ರುತಿ ಎಷ್ಟಕ್ಕೆ ಇಟ್ಟುಕೊಂಡಿದ್ದೀರಿ?"

ಶ್ರುತಿ ಎಂದರೆ ಏನು ಉತ್ತರ ಹೇಳಬೇಕೋ ನನಗೆ ತಿಳಿಯದು. ಪೆಟ್ಟಿಗೆಗೆ ಸಂಬಂಧಪಟ್ಟ ಸಂಖ್ಯೆ ಅಂತ ನನ್ನ ಬಾಯಿಗೆ ಬಂದಿದ್ದು ಲೇಸರಿನ ತರಂಗಾಂತರ ಒಂದೇ. "ಆರುನೂರ ಮೂವತ್ತೆರಡು ಪಾಯಿಂಟ್ ಎಂಟು" ಎಂದೆ.

ಹಾಸನ ಬರುವವರೆಗೆ ಅವರು ಕೊಡೆಯ ಹಿಡಿಗೆ ಗಲ್ಲ ಊರಿ ಕೂತರು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾತ್ರ ತಿರುಗಿ, ಪೆಟ್ಟಿಗೆಯನ್ನು ಮರುಕದಿಂದ ಒಮ್ಮೆ ನೋಡಿ, ಹೇಳಿದರು: "ವೀಣೆಯದೇನೂ ತಪ್ಪಿರಲಾರದು. ನೀವು ಮೊದಲು ಗುರುಗಳನ್ನ ಬದಲಾಯಿಸಿ."

ಮಾರನೇ ದಿನ ಗೈಡ್ ಹತ್ತಿರ ಇದನ್ನು ಹೇಳಿಕೊಂಡು ನಕ್ಕೆ. ಅವರು ನಗಲಿಲ್ಲ.

ಸಾಂಬ್ರಾಣಿ

ನಮ್ಮ ಲ್ಯಾಬಿನ ಮೆಕ್ಯಾನಿಕ್ ಹಳ್ಳಿಮೈಸೂರಿನವನು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು, ಕೈಗೆಲಸದಲ್ಲಿ ನೂರು ವರ್ಷ. ಲೇಸರಿಗೆ ಹೊಗೆ ಬೇಕಲ್ಲ, ಬೆಂಗಳೂರಿನವರು ಹೊಗೆ ಹಾಕುವ ಯಂತ್ರ ಮಾತ್ರ ಕೊಟ್ಟಿರಲಿಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

"ಅದುಕ್ಯಾಕ್ ಸಾ ಅಂಗ್ ಕುಂತ್ಕಬುಟ್ರಿ? ವಗೆ ತಾನೇ? ಉದ್ದಿನಕಡ್ಡಿ ಅಚ್ಚುಮ" ಎಂದ.

ಊದಿನಕಡ್ಡಿ ಹಚ್ಚಿದೆವು, ಸಾಲಲಿಲ್ಲ. ಕಟ್ಟುಗಟ್ಟಲೆ ಹಚ್ಚಿದೆವು, ಸುರಂಗದೊಳಗೆಲ್ಲ ಬೂದಿ ಹಾರಿತು. ಕೊನೆಗೆ ಅವನೇ ಒಂದು ಭಾನುವಾರ ಅರಕಲಗೂಡಿಗೆ ಹೋಗಿ, ಪರಿಚಯದ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯಿಂದ ಒಂದು ಚೀಲ ಸಾಂಬ್ರಾಣಿ ತಂದ. ಅಂಗಡಿಯವನು "ಯಾವ ದೇವಸ್ಥಾನಕ್ಕೆ?" ಅಂತ ಕೇಳಿದನಂತೆ. ಇವನು "ಕಾಲೇಜ್ಗೆ" ಅಂದನಂತೆ. ಅದಕ್ಕೆ ಅಂಗಡಿಯವನು, "ರಿಸಲ್ಟು ಅಷ್ಟೊಂದು ಕೆಟ್ಟೋಗ್ಯದಾ?" ಎಂದನಂತೆ.

ಸಾಂಬ್ರಾಣಿ ಹೊಗೆ ಲೇಸರಿಗೆ ಅದ್ಭುತವಾಗಿ ಹೊಂದಿತು. ಕಿರಣಗಳು ಸೇರುವ ಜಾಗದಲ್ಲಿ ಕಣಗಳು ಚಕಚಕನೆ ಮಿನುಗಿದವು. ಐದು ವರ್ಷದಲ್ಲಿ ಮೊದಲ ಸಲ ನನಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷ ಎರಡು ದಿನ ಇತ್ತು.

ಮೂರನೇ ದಿನ ಶುಕ್ರವಾರ, ಹುಡುಗರಿಗೆ ಪರೀಕ್ಷೆ. ಬೆಳಗ್ಗೆ ಒಂಬತ್ತಕ್ಕೆ ನಾನು ಮಸೂರದ ಮೇಲೆ ಬಗ್ಗಿ ಕಿರಣ ಸರಿ ಮಾಡುತ್ತಿದ್ದೆ. ಬಾಗಿಲ ಹತ್ತಿರ ಪಿಸುಪಿಸು. ತಿರುಗಿ ನೋಡಿದರೆ ಏಳೆಂಟು ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಸುರಂಗದ ಬಾಯಿಂದ ಬರುವ ಹೊಗೆಗೆ ಎರಡೂ ಕೈ ಒಡ್ಡಿ ನಿಂತಿದ್ದಾರೆ. ಒಬ್ಬ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತ ಕಿರಣದ ಕಡೆಗೇ ಬಗ್ಗುತ್ತಿದ್ದಾನೆ.

"ಕಣ್ಣಿಗೆ ಒತ್ಕೋಬೇಡ್ರೋ! ಕಣ್ಣು ಹೋಗುತ್ತೆ!" ಅಂತ ಕಿರುಚಿದೆ.

ಇದು ಇನ್ನೂ ಕೆಟ್ಟದ್ದಾಯಿತು. ಒತ್ತಿಕೊಂಡರೆ ಕಣ್ಣು ಹೋಗುವಷ್ಟು ಉಗ್ರವಾದದ್ದು ಒಳಗೇನೋ ಇದೆ ಅಂತ ಸುದ್ದಿಯಾಗಿ, ಮಧ್ಯಾಹ್ನದ ಪರೀಕ್ಷೆಗೆ ಸಿವಿಲ್ ವಿಭಾಗದವರೂ ಬಂದರು.

ಹೊಗೆ ಮಹಡಿ ಹತ್ತಿ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೂ ನುಗ್ಗಿತು. ಅವರು ಕೆಮ್ಮುತ್ತ, ಕೆಂಡಾಮಂಡಲವಾಗಿ ಮೆಟ್ಟಿಲಿಳಿದು ಬರುವುದು ನನಗೆ ಕೇಳಿಸಿತು. ಮುಗಿಯಿತು ನನ್ನ ಕತೆ, ಇವರು ಸುರಂಗವನ್ನೇ ಮುಚ್ಚಿಸುತ್ತಾರೆ ಎಂದುಕೊಂಡು ಮಸೂರದ ಮೇಲಿಂದ ತಲೆಯನ್ನೇ ಎತ್ತಲಿಲ್ಲ. ಹೆಜ್ಜೆ ಸಪ್ಪಳ ಬಾಗಿಲಲ್ಲಿ ನಿಂತಿತು. ಬಾಗಿಲಲ್ಲಿ ಚಪ್ಪಲಿಯ ರಾಶಿ. ಆಮೇಲೆ ಬರಿಗಾಲಲ್ಲಿ ಯಾರೋ ಬಂದು ನನ್ನ ಪಕ್ಕ ನಿಂತರು. ಕಿವಿಯ ಹತ್ತಿರ ಬಹಳ ಭಯಭಕ್ತಿಯಿಂದ ಕೇಳಿದರು:

"ಮಂಗಳಾರತಿ ಆಯ್ತಾ?"

ಫ್ಯಾನಿನ ಧೂಳು

ದಸರಾ ರಜೆಗೆ ಹೊಳೆನರಸೀಪುರದ ಮಾವನ ಮನೆಗೆ ಹೋಗಲೇಬೇಕಾಯಿತು. ಅಷ್ಟರಲ್ಲಿ ಕೆಲಸ ಸುಮಾರಾಗಿ ದಾರಿಗೆ ಬಂದಿತ್ತು. ನನ್ನ ಅಳತೆ ಪುಸ್ತಕದ ಲೆಕ್ಕಕ್ಕೆ ಹತ್ತಿರ ಬರತೊಡಗಿತ್ತು. ಆದರೂ ಲೇಸರನ್ನು ಬಿಟ್ಟು ಬಂದೆನಲ್ಲ ಅಂತ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಮ್ಮ ಮಾವ ನಿವೃತ್ತ ಮೇಷ್ಟ್ರು. ಒಂದು ಪ್ರಶ್ನೆ ಹಿಡಿದರೆ ಬಿಡುವವರಲ್ಲ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೇಳಿದರು: "ಅಂದರೆ ಗಾಳಿ ತಟ್ಟೆಯನ್ನು ಉಜ್ಜುತ್ತೆ. ಆದರೆ ತಟ್ಟೆಗೆ ತೀರಾ ಅಂಟಿಕೊಂಡ ಗಾಳಿ ಅಲ್ಲಾಡೋದೇ ಇಲ್ಲ ಅಂತೀರಿ."

"ಹೌದು ಮಾವ."

"ಅಲ್ಲಾಡದೇ ಇರೋದು ಉಜ್ಜೋದು ಹೇಗೆ?"

ವಿಜ್ಞಾನಿ ಡಿಸೆಂಬರಿನಲ್ಲಿ ಇದನ್ನೇ ಕೇಳಿದರೆ ಏನು ಗತಿ! ತಡವರಿಸಿ ವಿವರಿಸಿದೆ. ಕೆಳಗಿನ ಪದರ ನಿಂತಿರುತ್ತದೆ, ಅದರ ಮೇಲಿನದು ನಿಧಾನ ಜಾರುತ್ತದೆ, ಅದರ ಮೇಲಿನದು ಇನ್ನಷ್ಟು ಬೇಗ. ಪದರ ಪದರವನ್ನು ಎಳೆದು, ಕೊನೆಗೆ ಆ ಎಳೆತ ತಟ್ಟೆಗೆ ತಾಗುತ್ತದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು.

"ನೋಡಿ ಮಾವ, ಫ್ಯಾನಿನ ರೆಕ್ಕೆ ಅಷ್ಟು ಜೋರಾಗಿ ಗಾಳಿಯನ್ನ ಸೀಳಿಕೊಂಡು ಹೋಗುತ್ತೆ. ಆದರೂ ರೆಕ್ಕೆ ಮೇಲಿನ ಧೂಳು ಹಾರಿ ಹೋಗಲ್ಲ. ಯಾಕೆ? ರೆಕ್ಕೆಗೆ ಅಂಟಿದ ಗಾಳಿ ರೆಕ್ಕೆ ಜೊತೆಗೇ ಇರುತ್ತೆ."

ಮಾವ ಎದ್ದು ಫ್ಯಾನು ಆರಿಸಿದರು. ಸ್ಟೂಲು ಹತ್ತಿ ರೆಕ್ಕೆಯ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು. ಅವರ ಮುಖದಲ್ಲಿ ಆ ಹೊತ್ತು ಮೂಡಿದ ಸಂತೋಷ ನನ್ನ ಮದುವೆಯ ದಿನವೂ ನಾನು ಕಂಡಿರಲಿಲ್ಲ. "ಇದು ಜ್ಞಾನ!" ಎಂದರು. ಪಕ್ಕದ ಮನೆಯವರನ್ನು ಕರೆದರು, ಎದುರು ಮನೆಯ ವಕೀಲರನ್ನು ಕರೆದರು. ಬಂದವರೆಲ್ಲ ಸರದಿಯ ಮೇಲೆ ಸ್ಟೂಲು ಹತ್ತಿ ಧೂಳು ನೋಡಿದರು. ಇನ್ನು ಬರುವವರಿಗೂ ತೋರಿಸಬೇಕಾದ್ದರಿಂದ ಫ್ಯಾನನ್ನು ಯಾರೂ ಒರೆಸಕೂಡದು ಅಂತ ಮಾವ ಆಜ್ಞೆ ಮಾಡಿದರು. ಸಂಜೆಯ ಹೊತ್ತಿಗೆ ಕಿಟಕಿಯ ಮೇಲಿನ ಧೂಳೂ ಆ ಆಜ್ಞೆಯೊಳಗೆ ಸೇರಿತ್ತು.

ಹಬ್ಬದ ಮುಂದೆ ಮನೆ ತೊಳೆಯಲು ಸೆರಗು ಸಿಕ್ಕಿಸಿ ನಿಂತಿದ್ದ ನಮ್ಮ ಅತ್ತೆ ಪೊರಕೆ ಮೂಲೆಗೆ ಒರಗಿಸಿದರು. ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು:

"ನಿನ್ನ ಗಂಡ ಓದು ಮುಗಿಸೋದು ಯಾವತ್ತೇ? ಅಲ್ಲೀವರೆಗೂ ನಾನು ಕಸ ತೆಗೀಬಾರದಂತೆ."

ಮುಖಕ್ಕೆ ತಕ್ಕ ಗೆರೆ

ರಜೆ ಮುಗಿಸಿ ಬಂದು ಲೇಸರ್ ಹಚ್ಚಿದೆ. ಉಜ್ಜಾಟದ ಲೆಕ್ಕ ಪುಸ್ತಕದ ಒಂದೂವರೆ ಪಟ್ಟು ಬಂತು.

ಏನೋ ತಪ್ಪಿರಬೇಕು ಅಂತ ಮತ್ತೆ ಅಳೆದೆ. ಅದೇ. ಒಂದು ವಾರ ಪೂರ್ತಿ ಅದೇ. ಕಿರಣ ಬಿಚ್ಚಿ ಜೋಡಿಸಿದೆ. ಮಸೂರ ಒರೆಸಿದೆ. ಮಿನುಗು ಎಣಿಸುವ ಯಂತ್ರ ಕೆಟ್ಟಿದೆಯೋ ಅಂತ ಬೆಂಗಳೂರಿಗೆ ಫೋನ್ ಮಾಡಲು ಹೋಗಿ, ಅವರು ಲೇಸರನ್ನೇ ವಾಪಸು ಕೇಳಿದರೆ ಎಂದು ಹೆದರಿ ರಿಸೀವರ್ ಇಟ್ಟೆ. ಎರಡನೇ ವಾರ ಲೆಕ್ಕ ಎರಡು ಪಟ್ಟು ದಾಟಿತು. ಗೈಡ್ ಹತ್ತಿರ ಹೋದೆ. "ಮುಂಚೆ ಸರಿ ಬರ್ತಿತ್ತು ಅಂದರೆ ನೀವೇ ಏನೋ ಮುಟ್ಟಿದ್ದೀರಿ. ನೆನಪು ಮಾಡ್ಕೊಳ್ಳಿ" ಎಂದರು. ನಾನು ಮುಟ್ಟಿದ್ದನ್ನೆಲ್ಲ ಪಟ್ಟಿ ಮಾಡಿದೆ, ಅದು ನಾಲ್ಕು ಪುಟವಾಯಿತು. ನಾಲ್ಕನೇ ವಾರ ಲೆಕ್ಕ ಮೂರು ಪಟ್ಟು.

ನಾನು ಇಳಿದುಹೋದೆ. ತರಗತಿಯಲ್ಲಿ ಪಾಠ ಮಾಡುತ್ತ ಮಧ್ಯದಲ್ಲಿ ನಿಂತುಬಿಡುತ್ತಿದ್ದೆ. ಹೆಂಡತಿ ತಟ್ಟೆ ಮುಂದಿಟ್ಟರೆ, ಆ ತಟ್ಟೆಯ ಅಂಚು ನೋಡುತ್ತ ಕೂರುತ್ತಿದ್ದೆ. ಮೆಕ್ಯಾನಿಕ್ಕಿಗಂತೂ ನನ್ನನ್ನು ಕಂಡು ಕರುಳು ಚುರುಕ್ಕೆನ್ನುತ್ತಿತ್ತು. "ಯೋಚ್ನೆ ಮಾಡ್ಬ್ಯಾಡಿ ಸಾ, ಎಲ್ಲಾ ಸರಿಯಾಯ್ತದೆ. ನಾನೂ ನನ್ ಕೈಲಾದ್ದ ಮಾಡ್ತಾವ್ನಿ" ಎನ್ನುತ್ತಿದ್ದ. ಅವನ ಕೈಲಾದ್ದು ಏನೆಂದು ನಾನು ಕೇಳಲಿಲ್ಲ. ಬೆಳಗ್ಗೆ ಸುರಂಗದ ಮುಚ್ಚಳ ತೆಗೆದು, ತಟ್ಟೆಯನ್ನು ಸ್ಪಿರಿಟಿನಲ್ಲಿ ಒರೆಸಿ, ಮುಚ್ಚಳ ಹಾಕಿಡುವುದು ಅವನ ಕೆಲಸ. ಅದನ್ನು ತಪ್ಪದೆ ಮಾಡುತ್ತಿದ್ದ.

ಒಂದು ದಿನ ಚಡಪಡಿಕೆ ತಡೆಯಲಾರದೆ ಎಂದಿಗಿಂತ ಒಂದು ಗಂಟೆ ಮುಂಚೆಯೇ ಲ್ಯಾಬಿಗೆ ಹೋದೆ. ಮುಚ್ಚಳ ತೆಗೆದಿತ್ತು. ಮೆಕ್ಯಾನಿಕ್ ಭುಜದವರೆಗೆ ಕೈಯನ್ನು ಸುರಂಗದೊಳಗೆ ಇಟ್ಟಿದ್ದ. ಕಣ್ಣು ಮುಚ್ಚಿತ್ತು. ತುಟಿ ಅಲ್ಲಾಡುತ್ತಿತ್ತು.

"ಏನಪ್ಪಾ ಮಾಡ್ತಿದ್ದೀಯಾ?"

ಬೆಚ್ಚಿ ಕೈ ತೆಗೆದ. ಮೂರು ಬೆರಳ ತುದಿ ಬೆಳ್ಳಗಿತ್ತು. ನಾನು ಬಗ್ಗಿ ಒಳಗೆ ನೋಡಿದೆ. ಗಾಜಿನ ಕಿಟಕಿಯಿಂದ ಕಾಣದ ಜಾಗದಲ್ಲಿ, ಗಾಳಿ ತಟ್ಟೆಯನ್ನು ಮೊದಲು ತಾಗುವ ಅಂಚಿನಲ್ಲಿ, ಅಚ್ಚುಕಟ್ಟಾಗಿ ಮೂರು ವಿಭೂತಿ ಗೆರೆ.

ಆ ಅಂಚಿನಲ್ಲಿ ಒಂದು ಕೂದಲು ಇದ್ದರೂ ಗಾಳಿ ಎಡವುತ್ತದೆ. ಎಡವಿದ ಗಾಳಿ ಪದರ ಪದರವಾಗಿ ಹೋಗುವುದನ್ನು ಬಿಟ್ಟು ಗೊಂದಲ ಎಬ್ಬಿಸಿ, ತಟ್ಟೆಯನ್ನು ಎರಡು ಮೂರು ಪಟ್ಟು ಉಜ್ಜುತ್ತದೆ. ಇದನ್ನು ನಾನೇ ವರ್ಷವೂ ಹುಡುಗರಿಗೆ ಪಾಠ ಮಾಡುತ್ತೇನೆ.

"ಯಾವತ್ತಿಂದ?"

"ಆಯುದ ಪೂಜೆ ದಿವ್ಸ ಎಲ್ಲಾ ಮಿಸೀನ್ಗೂ ಇಕ್ದೆ ಸಾ. ಇದುಕ್ಕೆ ಇಕ್ಕದೆ ಎಂಗ್ ಬುಡದು? ದೇವ್ರಿಗಾದ್ರೆ ಮೂರು, ಮಿಸೀನ್ಗೆ ಒಂದು ಸಾಕು ಅಂತ ಒಂದ್ ಬೆಳ್ಳಲ್ಲಿ ಎಳ್ದೆ. ನೀವ್ ಬಂದ್ ಮ್ಯಾಕೆ ನಿಮ್ ಮಕ ಯಾಕೋ ಬಾಡೋಯ್ತು. ಅದ್ಕೇ ಒರೆಸಿದ್ ಮ್ಯಾಲೆ ದಿನಾ ಇಕ್ತಾ ಬಂದೆ. ಆಮ್ಯಾಕೆ ಇನ್ನೂ ಬಾಡ್ತು, ಎಲ್ಡ್ ಬೆಳ್ಳು ಮಾಡ್ದೆ. ಓದ್ವಾರದಿಂದ ನಿಮ್ ಮಕ ನೋಡಕ್ಕೇ ಆಗ್ತಿರ್ನಿಲ್ಲ ಕಣ್ ಸಾ, ಮೂರ್ ಮಾಡ್ಬುಟ್ಟೆ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಬೈಯಬೇಕು ಅಂತಿತ್ತು. ಬಾಯಿಗೆ ಬಂದದ್ದು ನಗು, ಅದೂ ಅಳುವಿನ ಹಾಗೆ. ವಿಷಯವನ್ನು ಬಿಡಿಸಿ ಹೇಳಿದೆ. ನಾನು ಹೆದರಿದಷ್ಟೂ ನೀನು ಎಳೆದೆ, ನೀನು ಎಳೆದಷ್ಟೂ ಲೆಕ್ಕ ಏರಿತು, ಲೆಕ್ಕ ಏರಿದಷ್ಟೂ ನಾನು ಹೆದರಿದೆ. ಅವನು ಬಹಳ ಹೊತ್ತು ತಲೆ ಕೆರೆದುಕೊಂಡು, ತನಗೆ ನ್ಯಾಯವೆನ್ನಿಸಿದ ತೀರ್ಪು ಕೊಟ್ಟ:

"ಅಂಗಾರೆ ತಪ್ಪು ಇಬ್ರುದೂ ಅದೆ. ನಾಳಿಂದ ನೀವು ನಗ್ತಾ ಬನ್ನಿ ಸಾ, ನಾನು ಕಮ್ಮಿ ಮಾಡ್ತೀನಿ."

ಸಹಿ

ವಿಭೂತಿ ಒರೆಸಿದ ಮೇಲೆ ಲೆಕ್ಕ ಪುಸ್ತಕಕ್ಕೆ ಸರಿಯಾಗಿ ಕೂತಿತು. ಕೆಟ್ಟುಹೋದ ವಾರಗಳ ಹಾಳೆಗಳನ್ನು ಹರಿದು ಹಾಕಲು ಹೊರಟೆ. ಗೈಡ್ ತಡೆದರು. "ಒಂದು ಗೆರೆ, ಎರಡು ಗೆರೆ, ಮೂರು ಗೆರೆ, ಎಷ್ಟು ಚೆನ್ನಾಗಿ ಏರಿದೆ ನೋಡ್ರೀ. ಇದೇ ಒಂದು ಅಧ್ಯಾಯ. ಬರೀರಿ" ಎಂದರು. ವಿಭೂತಿ ಅಂತ ಬರೆಯಲು ನನಗೆ ಧೈರ್ಯವಿರಲಿಲ್ಲ. 'ಸೂಕ್ಷ್ಮ ಬಿಳಿ ಪುಡಿಯಿಂದ ಮಾಡಿದ ನಿಯಂತ್ರಿತ ಒರಟು ಗೆರೆಗಳು' ಅಂತ ಬರೆದೆ.

ಡಿಸೆಂಬರ್ ಬಂತು. ವಿಜ್ಞಾನಿ ಬರುವ ದಿನ ಏನೂ ಎಡವಟ್ಟಾಗಬಾರದು ಅಂತ ಮೆಕ್ಯಾನಿಕ್ಕಿಗೆ ಮೊದಲನೇ ಬಸ್ಸಿಗೇ ಬಂದುಬಿಡು ಎಂದಿದ್ದೆ. ಹತ್ತು ಗಂಟೆಗೆ ಜೀಪಿನಿಂದ ಇಳಿದರು ವಿಜ್ಞಾನಿ. ಸಣ್ಣ ಆಳು, ದಪ್ಪ ಕನ್ನಡಕ, ನಗುವಿನ ಸುಳಿವೇ ಇಲ್ಲ. ನುಣುಪು ತಟ್ಟೆಯ ಲೆಕ್ಕ ಎರಡೇ ನಿಮಿಷ ನೋಡಿ, "ಸರಿ, ಇದು ಪುಸ್ತಕದಲ್ಲೇ ಇದೆ" ಅಂತ ಪುಟ ತಿರುಗಿಸಿದರು. ಗೆರೆಗಳ ಅಧ್ಯಾಯಕ್ಕೆ ಬಂದವರು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವ ಪುಡಿ ಇದು?"

"ಬಿಳಿ ಪುಡಿ ಸರ್."

"ಬಿಳಿ ಅಂತ ಬರೆದಿದ್ದೀರಿ. ಏನು ಪುಡಿ?"

ಗೈಡ್ ಕಿಟಕಿಯಾಚೆ ನೋಡತೊಡಗಿದರು. "ಸ್ಥಳೀಯವಾಗಿ ಸಿಗುವಂಥದ್ದು ಸರ್" ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನಾವು ಮರಳು ಕಾಗದ ಅಂಟಿಸಿ ಇದನ್ನ ಮಾಡ್ತೀವಿ. ಇವತ್ತು ಬಂದದ್ದು ನಾಳೆ ಬರಲ್ಲ. ನಿಮ್ಮದು ವಾರಗಟ್ಟಲೆ ಒಂದೇ ಜಾಗದಲ್ಲಿ ಕೂತಿದೆ. ಇಷ್ಟು ಚೆನ್ನಾಗಿ ಬಂದ ಲೆಕ್ಕ ಕಂಡರೆ ನನಗೆ ಅನುಮಾನ. ನನ್ನ ಕಣ್ಣೆದುರು ಮೂರು ಗೆರೆ ಎಳೆದು ಅಳೆದು ತೋರಿಸಿ. ಬಂದರೆ ಸಹಿ. ಇಲ್ಲದಿದ್ದರೆ ಇಲ್ಲ."

ಅಂದರೆ ಕೂತು ಸುಳ್ಳು ಲೆಕ್ಕ ಬರೆದಿದ್ದೇನೆ ಅಂತ! ಮೆಕ್ಯಾನಿಕ್ಕನ್ನು ಕರೆದೆ. "ಮೂರು ಗೆರೆ ಎಳೀಬೇಕಂತೆ, ಬೇಗ ಎಳಿ."

ಅವನು ವಿಜ್ಞಾನಿಯನ್ನು ನೋಡಿದ, ನನ್ನನ್ನು ನೋಡಿದ. "ಇವತ್ ಆಗಕಿಲ್ಲ ಸಾ."

ವಿಜ್ಞಾನಿ ನನ್ನ ಕಡೆ ತಿರುಗಿದರು. ಕಳ್ಳ ಸಿಕ್ಕಿಬಿದ್ದಾಗ ನೋಡುವ ನೋಟ ಅದು.

"ಯಾಕೆ ಆಗಲ್ಲ?" ಎಂದರು.

ಅವನು ನೆಲ ನೋಡುತ್ತ ಹೇಳಿದ: "ಮೈಗೆ ನೀರುಯ್ಕಂಡಿಲ್ಲ ಸಾ."

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ನೀರುಯ್ಕಳ್ದೆ ವಿಬೂತಿ ಮುಟ್ಟದ್ ಎಂಗ್ ಸಾ? ದಿನಾ ಉಯ್ಕಂಡೇ ಬತ್ತಿದ್ದೆ. ಇವತ್ತು ಇವ್ರೇ ಮೊದ್ಲ್ನೆ ಬಸ್ಸಿಗೇ ಬಾ ಅಂದ್ಬುಟ್ರು."

ಗೈಡ್ ಕಿಟಕಿಯ ಇನ್ನಷ್ಟು ಹತ್ತಿರಕ್ಕೆ ಹೋದರು. ವಿಜ್ಞಾನಿ ನನ್ನ ಪ್ರಬಂಧವನ್ನು ಒಮ್ಮೆ, ಮೆಕ್ಯಾನಿಕ್ಕನ್ನು ಒಮ್ಮೆ ನೋಡಿದರು. ಆಮೇಲೆ ಅವನನ್ನೇ ಕೇಳಿದರು: "ಒಂದು ಗೆರೆಯಿಂದ ಎರಡು, ಎರಡರಿಂದ ಮೂರು ಮಾಡಿದ್ದೀರಿ. ಯಾವ ಆಧಾರದ ಮೇಲೆ ಹೆಚ್ಚಿಸಿದಿರಿ?"

"ಇವ್ರ ಮಕ ನೋಡ್ಕಂಡು ಸಾ."

ವಿಜ್ಞಾನಿ ನಗಲಿಲ್ಲ. ಗಡಿಯಾರ ನೋಡಿಕೊಂಡು, ಡ್ರೈವರನ್ನು ಕರೆದು, "ಇವರನ್ನ ಹಾಸ್ಟೆಲಿಗೆ ಕರಕೊಂಡು ಹೋಗಿ ಸ್ನಾನ ಮಾಡಿಸ್ಕೊಂಡು ಬಾ" ಎಂದರು.

ಲೇಸರ್ ಒಯ್ಯಲು ಬಂದ ಜೀಪು ಮೆಕ್ಯಾನಿಕ್ಕನ್ನು ಹತ್ತಿಸಿಕೊಂಡು ಹೋಯಿತು. ಹಾಸ್ಟೆಲಿನಲ್ಲಿ ಹತ್ತು ಗಂಟೆಯ ಮೇಲೆ ನಲ್ಲಿ ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಐದು ವರ್ಷದ ಓದು ಒಂದು ಬಕೆಟ್ ನೀರಿಗೆ ಬಂದು ನಿಂತಿತ್ತು. ಮನೆದೇವರಿಗೆ ಹರಕೆ ಹೊತ್ತೆ. ಅರ್ಧ ಗಂಟೆಗೆ ಜೀಪು ಬಂತು. ಮೆಕ್ಯಾನಿಕ್ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಇಳಿದ. ತೋಳು ಮಡಿಸಿದ, ವಿಭೂತಿ ಕಲೆಸಿದ, ಕಣ್ಣು ಮುಚ್ಚಿದ, ಎಳೆದ. ವಿಜ್ಞಾನಿ ಕನ್ನಡಕ ಮೇಲೇರಿಸಿ ಸುರಂಗದೊಳಗೆ ತಲೆ ಹಾಕಿ ನೋಡಿದರು.

ಗಾಳಿ ಬಿಟ್ಟೆವು. ಹೊಗೆ ಬಿಟ್ಟೆವು. ಸಂಖ್ಯೆಗಳನ್ನು ವಿಜ್ಞಾನಿಯೇ ಬರೆದುಕೊಂಡು, ತಾವೇ ಲೆಕ್ಕ ಹಾಕಿ, ನನ್ನ ನಕ್ಷೆಯ ಮೇಲೆ ತಮ್ಮ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಚುಕ್ಕೆ ಮೂರು ಗೆರೆಯ ರೇಖೆಯ ಮೇಲೆ, ಕೂದಲಷ್ಟೂ ಆಚೀಚೆ ಇಲ್ಲದೆ ಕೂತಿತು. ಅವರು ಅದನ್ನು ಬಹಳ ಹೊತ್ತು ನೋಡಿ, ಪುಟ ತಿರುಗಿಸಿ, ಸಹಿ ಹಾಕಿದರು.

"ಸಾ, ನಮ್ ಸಾ ಪಾಸಾ?" ಅಂದ ಮೆಕ್ಯಾನಿಕ್.

"ಮೊದಲು ನೀವು ಪಾಸು. ಅವರು ನಿಮ್ಮ ಹಿಂದೆ" ಎಂದರು ವಿಜ್ಞಾನಿ. ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಷರತ್ತು. ಬಿಳಿ ಪುಡಿ, ಸ್ಥಳೀಯ ಪುಡಿ ಎಲ್ಲ ಬೇಡ. ಇವರು ಮಾಡುವ ವಿಧಾನ ಒಂದನ್ನೂ ಬಿಡದೆ ಬರೀಬೇಕು. ಓದಿ ಬೇರೆಯವರು ಮಾಡಿದರೂ ಇದೇ ಲೆಕ್ಕ ಬರಬೇಕು."

ಬರೆದೆ. ಪ್ರಬಂಧ ಈಗಲೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, ಬೇಕಾದವರು ನಾಲ್ಕನೇ ಅಧ್ಯಾಯ ತೆಗೆದು ನೋಡಬಹುದು. ಗಾಳಿಯ ವೇಗ ಇಷ್ಟು, ಲೇಸರಿನ ತರಂಗಾಂತರ ಇಷ್ಟು, ತಟ್ಟೆಯ ನುಣುಪು ಇಷ್ಟು ಎಂಬ ವಿವರಗಳಾದ ಮೇಲೆ, ಘನವಾದ ಇಂಗ್ಲಿಷಿನಲ್ಲಿ, ಪರೀಕ್ಷಕರೆಲ್ಲ ಒಪ್ಪಿ ಮುದ್ರೆ ಒತ್ತಿದ ಐದನೆಯ ನಿಬಂಧನೆ ಇದೆ: ಗೆರೆ ಎಳೆಯುವವರು ಅಂದು ಬೆಳಗ್ಗೆ ಸ್ನಾನ ಮಾಡಿರತಕ್ಕದ್ದು.